ಇಳಿಜಾರಿನಲ್ಲಿ ಅವರು ಹೇಳಿದ್ದು

ಮೇ ೪

ಉಪ್ಪಿಟ್ಟು. ಆಮೇಲೆ ಚಹಾ. ಪೇಪರ್ ಮಡಚಿಟ್ಟು ಇವರು ಟಿವಿ ಹಚ್ಚಿದರು. ಮತ್ತೆ ಅದೇ ವಾಲ್ಯೂಮ್. ಮೇಲಿನ ಮನೆಯವರ ವಾಟ್ಸಾಪ್ ಬಂತು — ಕೈ ಮುಗಿದ ಚಿತ್ರ, ಕೆಳಗೆ ಮರಾಠಿಯಲ್ಲಿ "ಕಾಕೂ, ಆವಾಜ ಥೋಡಾ ಕಮೀ". ನಾನೇ ಎದ್ದು ಕಡಿಮೆ ಮಾಡಿದೆ. ಇವರು ಎದ್ದು ಬಾಲ್ಕನಿಗೆ ಹೋಗಿ ತಮ್ಮ ಬ್ಯಾಟರಿ ಸೈಕಲ್ಲು ಒರೆಸತೊಡಗಿದರು.

ಇವರು — ಮಧುಕರ. ಬಾಯಲ್ಲಿ ಎಂದೂ ಕರೆಯದ ಹೆಸರು. ಇಲ್ಲಿ ಬರೆಯಬಹುದು.

ಮೂವತ್ತು ವರ್ಷ ರಾಂಜಣಗಾಂವದ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಕೆಲಸ. ದಿನವಿಡೀ ಉಕ್ಕಿನ ಹಾಳೆ ಬಡಿಯುವ ಸದ್ದು. ರಿಟೈರ್ ಆಗಿ ಮನೆಗೆ ಬಂದಾಗ ಕಿವಿ ಅರ್ಧ ಅಲ್ಲೇ ಉಳಿದಿತ್ತು. ಈಗ ಎಡಗಿವಿ ಬಹುತೇಕ ಇಲ್ಲ, ಬಲಗಿವಿಯಲ್ಲಿ ಒಂದಿಷ್ಟು ಇದೆ.

ಕೂಗಿ ಹೇಳಿದರೆ ಕೇಳುತ್ತದೆ. ಆದರೆ ಸಣ್ಣ ಮಾತನ್ನು ಕೂಗಿ ಹೇಳಲಾಗುವುದಿಲ್ಲ. "ಗ್ಯಾಸ್ ಮುಗಿದದ" ಅಂತ ಕೂಗಬಹುದು. "ಇವತ್ತ ಮಲ್ಲಿಗಿ ಎಷ್ಟ ಅರಳ್ಯಾವ ನೋಡ್ರಿ" ಅಂತ ಕೂಗಿದರೆ ಅದು ಜಗಳದ ಹಾಗೆ ಕೇಳುತ್ತದೆ. ಹೀಗೆ ಒಂದೊಂದೇ ಸಣ್ಣ ಮಾತು ಬಿಡುತ್ತ ಬಂದೆ. ಗ್ಯಾಸು, ಔಷಧ, ಹಾಲು — ಇಷ್ಟು ಉಳಿದಿವೆ.

ದೊಡ್ಡ ಮಾತೂ ಒಂದಿದೆ. ಏಪ್ರಿಲ್ ಕೊನೆಗೆ ಪ್ರಿನ್ಸಿಪಾಲ್ ಮ್ಯಾಡಮ್ ಕರೆದು ಕೂರಿಸಿ, ನೀರು ಕೊಟ್ಟು ಹೇಳಿದರು — ಜೂನಿನಿಂದ ಭೂಗೋಳಕ್ಕೆ ಬೇರೆ ಟೀಚರ್ ಇಲ್ಲ, ಹಿಸ್ಟರಿಯವರೇ ನೋಡಿಕೊಳ್ಳುತ್ತಾರೆ. ಅಂದರೆ ನಾನು ಬೇಡ. ಇವರಿಗೆ ಇನ್ನೂ ಹೇಳಿಲ್ಲ. "ನನ್ನ ಕೆಲಸ ಹೋತು" ಅಂತ ಕೂಗುವುದು ಹೇಗೆ? ಮೇಲಿನ ಮನೆಗೆ ಮೊದಲು ಗೊತ್ತಾಗುತ್ತದೆ.

ಮೆಸೇಜ್ ಮಾಡಬಹುದು. ಒಂದೇ ಸೋಫಾದಲ್ಲಿ ಕೂತವರಿಗೆ…


ಮೇ ೭

ಪೂರ್ವಾ ಬಂದಿದ್ದಳು, ಬಾಣೇರದಿಂದ, ಒಬ್ಬಳೇ. ಮಗಳು ಬಂದರೆ ಮನೆ ಒಂದಿಷ್ಟು ಮಾತಾಡುತ್ತದೆ. ಅಪ್ಪನ ಬಲಗಡೆಗೇ ಕೂತು ಶುರು ಮಾಡಿದಳು.

"ಅಪ್ಪಾ, ಡಾಕ್ಟರ್ ಕ್ಲಿಯರ್ ಹೇಳ್ಯಾರ. ಕಿವಿಗೆ ಮಷೀನ್ ಹಾಕ್ಕೊಳ್ಳಲೇಬೇಕು."

"ಜನವರಿದಾಗ ಹಾಕ್ಕೊಂಡು ನೋಡೇನಲ್ಲ. ಬ್ಯಾಡ."

"ಎರಡ ದಿನ ಹಾಕ್ಕೊಂಡ್ರಿ. ಯಾಕ ಬ್ಯಾಡ? ಕಾರಣ ಹೇಳ್ರಿ."

"ಇಷ್ಟ ವರ್ಷ ಸಪ್ಪಳ ಕೇಳಿ ಕೇಳಿ ಸಾಕಾಗ್ಯದ. ಈಗ ಶಾಂತ ಅದ. ಇರಲಿ ಬಿಡು."

ಶಾಂತ ಅದ. ಆ ಶಾಂತದಲ್ಲಿ ನಾನೂ ಹೊರಗೇ ಉಳಿದಿದ್ದೇನೆ ಎನ್ನುವುದು ಇವರಿಗೆ ಹೊಳೆದಿದೆಯೋ ಇಲ್ಲವೋ.

ಅಷ್ಟರಲ್ಲಿ ಕೊರಿಯರ್ ಬಂತು. ಪಾಸ್‌ಪೋರ್ಟುಗಳು, ವೀಸಾ ಸಮೇತ. ಇವರ ಮುಖ ಅರಳಿತು. ಪೂರ್ವಾಳ ಮುಂದೆ ಮ್ಯಾಪ್ ಹರಡಿದರು — ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ನಡುವೆ ಉಗುರಿನಷ್ಟು ಲಿಖ್ಟೆನ್‌ಸ್ಟೈನ್.

"ಇಡೀ ದೇಶ ಸೈಕಲ್ ಮ್ಯಾಲೆ ಮುಗಸೂದು. ಗುಡ್ಡಾ ಬಂದ್ರ ಬ್ಯಾಟರಿ ಎಳೀತದ. ನನ್ನ ಮೊಣಕಾಲಿಗೂ ಆತು, ನಿಮ್ಮ ಅಮ್ಮಗೂ ಆತು."

ಆ ದೇಶದ ಹೆಸರು ನಾನೇ ಹೇಳಿದ್ದು, ತಮಾಷೆಗೆ. ಸಮುದ್ರ ಸಿಗಬೇಕಾದರೆ ಎರಡೆರಡು ದೇಶ ದಾಟಬೇಕಾದ ದೇಶಗಳು ಜಗತ್ತಿನಲ್ಲಿ ಎರಡೇ, ಒಂದನ್ನಾದರೂ ನೋಡಬೇಕು ಅಂದಿದ್ದೆ. ಅದೊಂದು ಹೇಗೆ ಕೇಳಿಸಿತೋ. ಮರುದಿನದಿಂದಲೇ ತಯಾರಿ ಶುರು.

ಪೂರ್ವಾ ಹೊರಡುವಾಗ ಲಿಫ್ಟಿನ ಹತ್ತಿರ ಹೇಳಿದಳು, "ಅಮ್ಮಾ, ಛಾನ್ ಆಗ್ತದ. ಇಬ್ಬರೇ ಹೋಗ್ಲಿಕತ್ತೀರಿ, ಮಸ್ತ್ ಹರಟೀ ಹೊಡೀರಿ." ಹ್ಞೂಂ ಅಂದೆ.


ಮೇ ೧೧, ಬೆಳಿಗ್ಗೆ

ಪಾರ್ಕಿಂಗಿನಲ್ಲಿ ಪ್ರ್ಯಾಕ್ಟೀಸ್, ನನಗೆಂದು ಇನ್ನೊಂದು ಬ್ಯಾಟರಿ ಸೈಕಲ್ಲು ಬಾಡಿಗೆಗೆ ತಂದಿದ್ದಾರೆ. ಸೈಕಲ್ ಬಿಟ್ಟು ಎಷ್ಟೋ ವರ್ಷ. ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗ ಬಿಟ್ಟಿದ್ದೇ ಕೊನೆ. ಇದು ಪೆಡಲ್ ಮೇಲೆ ಕಾಲಿಟ್ಟರೆ ಸಾಕು, ತಾನೇ ನುಗ್ಗುತ್ತದೆ. ಯಾರೋ ಹಿಂದಿನಿಂದ ದಬ್ಬಿದ ಹಾಗೆ.

ಇವರು ಮೊದಲು ತೋರಿಸಿದರು, ಆಮೇಲೆ ತಾವೇ ಸುತ್ತು ಹೊಡೆಯುತ್ತ ಹೋಗಿಬಿಟ್ಟರು. ಹಿಡಿದುಕೊಂಡವನು ವಾಚ್‌ಮನ್ ಹುಲಿಗೆಪ್ಪ. ಕೊಪ್ಪಳ ಕಡೆಯವನು. ಈ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ, ಮನೆಯ ಹೊರಗೆ, ನಾನು ಕನ್ನಡ ಆಡುವುದು ಅವನೊಬ್ಬನ ಜೊತೆ.

"ಹಿಡದೀಯೇನಪಾ?"

"ಹಿಡದೇನ್ರಿ ಅಕ್ಕಾರ, ಹೊಡೀರಿ… ಹಿಡದೇನ್ರಿ… ಹಿಡದೇನ್ರಿ…"

ಧ್ವನಿ ಹಿಂದೆ ಹಿಂದೆ ಉಳಿಯಿತು. ಆಗ ತಿಳಿಯಿತು, ಕೈ ಬಿಟ್ಟಿದ್ದಾನೆ ಅಂತ. ಬೀಳಲಿಲ್ಲ. ನಗು ಬಂತು. ಇವರಿಗೆ ತೋರಿಸೋಣವೆಂದು ನೋಡಿದರೆ ಇವರು ಗೇಟಿನಾಚೆ.


ಮೇ ೨೩, ಸಂಜೆ

ಮುಂಬೈ, ಜ್ಯೂರಿಕ್, ರೈಲು, ಬಸ್ಸು. ಕಾಲು ಊದಿವೆ.

ಲಿಖ್ಟೆನ್‌ಸ್ಟೈನ್ ರಾಜಧಾನಿಯ ಹೆಸರು ವಡೂಜ್ ಅಂತ ಇಷ್ಟು ವರ್ಷ ಮಕ್ಕಳಿಗೆ ಕಲಿಸಿದೆ. ಬಸ್ಸಿನಲ್ಲಿ ಅನೌನ್ಸ್ ಮಾಡಿದ್ದು ಫಡೂತ್ಸ್. ತಪ್ಪು ಕಲಿಸಿದೆನಲ್ಲ ಅನ್ನಿಸಿತು. ಇವರಿಗೆ ಹೇಳಹೋದೆ. ಬಸ್ಸಿನಲ್ಲಿ ಎಲ್ಲರೂ ಪಿಸುಗುಡುವಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ಕೂಗಲು ಧೈರ್ಯವಾಗಲಿಲ್ಲ. ಬಿಟ್ಟೆ.

ಹೋಟೆಲ್ ಕಿಟಕಿಯಿಂದ ನೇರ ಎದುರಿಗೆ ಬೆಟ್ಟ. ಮೇಲೆ ಅರಮನೆ. ತುದಿಯಲ್ಲಿ ಹಿಮ. ರಸ್ತೆಯಲ್ಲಿ ಒಂದು ಹಾರ್ನ್ ಇಲ್ಲ. ನಮ್ಮ ಖರಾಡಿಯ ಗದ್ದಲದಿಂದ ಬಂದವಳಿಗೆ ಕಿವಿ ಕಟ್ಟಿದ ಹಾಗಾಯಿತು. ಇವರಿಗೆ ದಿನವೂ ಹೀಗೇ ಇರುತ್ತದೇನೋ.


ಮೇ ೨೪

ಬಾಡಿಗೆ ಸೈಕಲ್ಲು ಸಿಕ್ಕಿದವು. ಎರಡೂ ಕಪ್ಪು. ಅಂಗಡಿಯ ಹುಡುಗಿ ನನ್ನ ಸೀಟು ಇಳಿಸಿ, ಹೆಲ್ಮೆಟ್ಟಿನ ಪಟ್ಟಿ ತಾನೇ ಕಟ್ಟಿದಳು. ಗದ್ದದ ಕೆಳಗೆ ಬೇರೆಯವರ ಬೆರಳು ತಾಗಿ ಎಷ್ಟು ದಿನವಾಗಿತ್ತು.

ರೈನ್ ನದಿಯ ಒಡ್ಡಿನ ಮೇಲೆ ದಾರಿ. ಸಪಾಟು. ಒಂದು ಕಡೆ ನದಿ, ಆಚೆ ದಡ ಸ್ವಿಟ್ಜರ್ಲೆಂಡ್. ಮರದ ಹಳೆಯ ಸೇತುವೆಯೊಂದಿದೆ, ಮೇಲೆ ಮನೆಯ ಹಾಗೆ ಮಾಡು. ಒಳಗೆ ಕತ್ತಲು, ತಂಪು, ಹಲಗೆಗಳ ಮೇಲೆ ಗಾಲಿಯ ಗುಡುಗುಡು. ನಡುವೆ ಬಾರ್ಡರ್. ಅಲ್ಲಿ ಫೋಟೊ ತೆಗೆದರು — ಒಂದು ಕಾಲು ಈ ದೇಶ, ಒಂದು ಕಾಲು ಆ ದೇಶ. ಚಿಕ್ಕ ಹುಡುಗನ ಹಾಗೆ ನಕ್ಕರು. ನಾನೂ ನಕ್ಕೆ.

ಆಮೇಲೆಲ್ಲ ಇವರು ಮುಂದೆ, ನಾನು ಹಿಂದೆ. ಕಿತ್ತಳೆ ಬಣ್ಣದ ಜಾಕೆಟ್ಟಿನ ಬೆನ್ನು. ಅದನ್ನೇ ನೋಡುತ್ತ ಒಂದು ದೇಶದ ಅರ್ಧ ಮುಗಿಸಿದೆ.

ಇಲ್ಲಿ ಎದುರಾದವರೆಲ್ಲ "ಹೋಯ್" ಅನ್ನುತ್ತಾರೆ, ಥೇಟ್ ಕುಂದಾಪುರದವರ ಹಾಗೆ. ಇವರಿಗೆ ಕೇಳುವುದಿಲ್ಲ, ಮುಖ ತಿರುಗಿಸದೆ ಹೋಗುತ್ತಾರೆ. ಹಾಗೆ ಅಂದವರ ಮುಖ ಸಣ್ಣದಾಗುವಷ್ಟರಲ್ಲಿ ನಾನು ತಲುಪುತ್ತೇನೆ. "ಹೋಯ್" ಅನ್ನುತ್ತೇನೆ, ಇಬ್ಬರ ಪರವಾಗಿ.

ಒಂದು ಕಡೆ ಕೊಕ್ಕರೆ ಕಂಡಿತು, ಬೂದು ಬಣ್ಣದ್ದು, ನೀರಿನಲ್ಲಿ ಒಂಟಿಕಾಲಿನಲ್ಲಿ. "ನೋಡ್ರಿ!" ಅಂದೆ. ಜೋರಾಗಿಯೇ ಅಂದೆ. ಹಕ್ಕಿ ಹಾರಿಹೋಯಿತು. ಜಾಕೆಟ್ಟು ಹಾಗೇ ಮುಂದೆ ಹೋಗುತ್ತಿತ್ತು.


ಮೇ ೨೫, ರಾತ್ರಿ ಊಟದ ನಂತರ

ಇಂದು ಉತ್ತರ ತುದಿಯವರೆಗೆ. ರುಗ್ಗೆಲ್ ಅಂತ ಊರು. ಹುಲ್ಲುಗಾವಲು, ಒಂದು ಬೋರ್ಡು, ಅಲ್ಲಿಗೆ ದೇಶ ಮುಗಿಯಿತು. "ಆತು ನೋಡು!" ಅಂದರು ಇವರು, ಹೊಲ ಉತ್ತು ಮುಗಿಸಿದವರ ಹಾಗೆ.

ರೆಸ್ಟೊರೆಂಟಿನಲ್ಲಿ ಪಕ್ಕದ ಟೇಬಲ್ಲಿನಲ್ಲಿ ನಮ್ಮ ವಯಸ್ಸಿನದೇ ಜೋಡಿ. ಬಿಡುವಿಲ್ಲದೆ ಮಾತಾಡುತ್ತಿದ್ದರು. ಏನಿರುತ್ತದೆ ಅಷ್ಟೊಂದು? ಆಕೆ ಸೂಪಿನ ಬಗ್ಗೆ ಏನೋ ಅಂದಳು, ಆತ ಅವಳ ಬಟ್ಟಲಿನಿಂದ ಒಂದು ಚಮಚ ಕುಡಿದು ಏನೋ ಅಂದ, ಇಬ್ಬರೂ ನಕ್ಕರು. ನಾವು ಆಲೂಗಡ್ಡೆ ಕೊಯ್ದು ಕೊಯ್ದು ತಿಂದೆವು.

ನಾಳೆ ಮಾಲ್ಬುನ್. ಬೆಟ್ಟದ ಮೇಲಿನ ಹಳ್ಳಿ, ಅದರಾಚೆ ರಸ್ತೆ ಇಲ್ಲ. ಅಲ್ಲಿ ಜನ ಇರಲಿಕ್ಕಿಲ್ಲ. ಅಲ್ಲಿ ಕೂಗಿದರೂ ಯಾರಿಗೂ ತೊಂದರೆ ಇಲ್ಲ. ಕೆಲಸದ ವಿಷಯ ಅಲ್ಲೇ ಹೇಳುತ್ತೇನೆ. ನಿಶ್ಚಯ.


ಮೇ ೨೮

ಎಡ ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್. ಬಲಗೈ ಸರಿ ಇದೆ, ಬರೆಯಬಹುದು. ಇವರು ಸೈಕಲ್ ವಾಪಸ್ ಕೊಡಲು ಹೋಗಿದ್ದಾರೆ.

ಬರೆದುಬಿಡುತ್ತೇನೆ.

ಮೊನ್ನೆ ಮಾಲ್ಬುನ್ ಏರುವಾಗ ಸುಖವಾಗಿತ್ತು. ಬ್ಯಾಟರಿ ಎಳೆಯಿತು, ನಾವು ಕಾಲು ಆಡಿಸಿದೆವು. ಮಾಲ್ಬುನ್‌ನಲ್ಲಿ ಬೆಂಚಿನ ಮೇಲೆ ಕೂತು ಚಪಾತಿ, ಶೇಂಗಾ ಚಟ್ನಿ ತಿಂದೆವು. ನೆರಳಿನಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಜನ ಇರಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟು ಮೌನ, ಆ ಮೌನದಲ್ಲಿ ಕೂಗುವುದೆಂದರೆ ದೇವರ ಮನೆಯಲ್ಲಿ ಪಾತ್ರೆ ಬೀಳಿಸಿದ ಹಾಗೆ ಅನ್ನಿಸಿತು. "ಚಟ್ನಿ ಇನ್ನಷ್ಟ ಹಾಕಲೇನ್ರಿ?" ಅಂದೆ. ಕೈಯಿಂದ ಸಾಕು ಅಂದರು.

ಇಳಿಯುವಾಗ ಇವರು ಮುಂದೆ. ಸುರಂಗ ದಾಟಿ ಟ್ರೀಸನ್‌ಬರ್ಗ್ ಕಡೆ ತಿರುವುಗಳ ದಾರಿ. ಒಂದು ತಿರುವಿನಲ್ಲಿ ಜಲ್ಲಿಪುಡಿ. ಬ್ರೇಕ್ ಒತ್ತಿದೆ, ಗಾಲಿ ಜಾರಿತು. ಬಿದ್ದೆ. ಕೈ ಕೆಳಗೆ ಸಿಕ್ಕಿತು. ಕಡ್ಡಿ ಮುರಿದ ಸದ್ದು ನನಗೇ ಕೇಳಿತು.

"ರೀ!" ಅಂತ ಕೂಗಿದೆ. ಕಿತ್ತಳೆ ಜಾಕೆಟ್ಟು ಕೆಳಗಿನ ತಿರುವಿನಲ್ಲಿ ಕಾಣುತ್ತಿತ್ತು. ಮತ್ತೆ ಕೂಗಿದೆ. ಗಂಟಲು ಹರಿಯುವಷ್ಟು. ಜಾಕೆಟ್ಟು ಮರದ ಹಿಂದೆ ಹೋಯಿತು. ಅದರ ಕೆಳಗಿನ ತಿರುವಿನಲ್ಲಿ ಮತ್ತೆ ಕಂಡಿತು, ಸಣ್ಣದಾಗಿ. ಆಮೇಲೆ ಇಲ್ಲ. ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು.

ಒಂದು ಮನೆಯಿಂದ ಮುದುಕಿ ಬಂದಳು. ಏಪ್ರನ್, ಕೈಗೆಲ್ಲ ಮಣ್ಣು. ಎಬ್ಬಿಸಿ ತನ್ನ ಮೆಟ್ಟಿಲ ಮೇಲೆ ಕೂರಿಸಿದಳು. ಫ್ರೀಜರಿನಿಂದ ಬಟಾಣಿಯ ಚೀಲ ತಂದು ಮಣಿಕಟ್ಟಿನ ಮೇಲಿಟ್ಟಳು. ಆಕೆಗೆ ಇಂಗ್ಲಿಷ್ ಬಾರದು. ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದು ನನ್ನ ಪಕ್ಕ ಕೂತಳು.

ಕನ್ನಡ ತಾನಾಗಿ ಬಂತು.

"ಅಷ್ಟ ಒದರಿದೆ ನೋಡ್ರಿ ಅವ್ವಾ. ಕೇಳಸಲೇ ಇಲ್ಲ. ಹಂಗ ಹೋಗೇಬಿಟ್ರು."

"ಯಾ, ಯಾ," ಅಂದಳು. ನನ್ನ ಬೆನ್ನ ಮೇಲೆ ಕೈ ಇಟ್ಟಳು.

ಅಷ್ಟೇ ಸಾಕಾಯಿತು. ಎಲ್ಲ ಹೇಳಿದೆ. ಮೆಲ್ಲಗೆ, ಮನೆಯೊಳಗೆ ಮಾತಾಡುವ ಧ್ವನಿಯಲ್ಲಿ. "ನನ್ನ ಸಾಲಿ ಕೆಲಸ ಹೋತ್ರಿ. ಯಾರಿಗೂ ಹೇಳಿಲ್ಲ, ನಿಮಗ ಮೊದಲ." ಸ್ಟಾಫ್ ರೂಮಿನ ನನ್ನ ಕಪಾಟು ಖಾಲಿ ಮಾಡಿದ್ದು ಹೇಳಿದೆ. ಮಲ್ಲಿಗೆಯ ವಿಷಯ ಹೇಳಿದೆ. ಫಡೂತ್ಸ್ ಅನ್ನುವುದನ್ನು ತಪ್ಪು ಕಲಿಸಿದ್ದು ಹೇಳಿದೆ. ಊರಿನ ಹೆಸರು ಕೇಳಿ ಅದೊಂದಕ್ಕೆ ತಲೆಯಾಡಿಸಿದಳು. ಮಾತಾಡಿ ಇಷ್ಟು ಹಗುರಾಗಿ ಎಷ್ಟು ಕಾಲವಾಗಿತ್ತು. ಅಳು ಬಂದಿದ್ದು ಕೈನೋವಿಗೆ ಅಲ್ಲ.

ಇವರು ಬಂದರು, ಸೈಕಲ್ ದಬ್ಬುತ್ತ. ಬ್ಯಾಟರಿ ಮುಗಿದಿತ್ತು. ಆ ಏರು, ಆ ಮೊಣಕಾಲು. ಮುಖ ಸುಣ್ಣದ ಹಾಗೆ. ಎದುರು ನಿಂತು ಉಸಿರು ಬಿಡುತ್ತ, ನನ್ನ ಹೆಸರು ಹಿಡಿದು ಅಂದರು —

"ನಾ ಮಾತಾಡಕೋತ ಹೊಂಟಿದ್ದೆ. ನೀ ಹಿಂದ ಅದಿ ಅಂತ… ಅಷ್ಟೂ ದಾರಿ ಮಾತಾಡಕೋತ ಹೊಂಟಿದ್ದೆ, ಅಂಬಾ."

ಇವರು! ಅಷ್ಟೂ ದಾರಿ!

"ಏನ ಮಾತಾಡಿದ್ರಿ?" ಕೇಳಿದೆ. ಕೇಳಿಸಲಿಲ್ಲವೋ ಏನೋ, ನನ್ನ ಕೈ ನೋಡುತ್ತ ನಿಂತರು. ಅಷ್ಟರಲ್ಲಿ ಆಂಬುಲೆನ್ಸ್ ಬಂತು.


ಮೇ ೨೯

ರೂಮಿನಲ್ಲೇ. ಮಳೆ.

ಇವರು ನನ್ನ ಕೂದಲು ಬಾಚಿದರು. ಒಂದು ಕೈಯಿಂದ ನನಗೆ ಆಗುವುದಿಲ್ಲ. ಜಡೆ ಬರಲಿಲ್ಲ, ರಬ್ಬರ್ ಹಾಕಿದರು. ಬಾಚಲು ಬಗ್ಗಿದಾಗ ಅವರ ಬಲಗಿವಿ ನನ್ನ ಬಾಯಿಯ ಹತ್ತಿರವೇ ಇತ್ತು. ಕೂಗಬೇಕಾಗಲಿಲ್ಲ. ಹೇಳಿದೆ.

"ನನ್ನ ಕೆಲಸ ಹೋತ್ರಿ."

ಬಾಚಣಿಗೆ ನಿಂತಿತು. "ಯಾವಾಗ?"

"ಏಪ್ರಿಲ್‌ದಾಗ."

"ನನಗ್ಯಾಕ ಹೇಳಲಿಲ್ಲ?"

"ಹೇಳೂದಂದ್ರ ಒದರಬೇಕಾಗ್ತಿತ್ತಲ್ರೀ."

ಬಾಚಣಿಗೆಯ ಕೂದಲು ತೆಗೆದು, ಸುತ್ತಿ ಕಸದ ಡಬ್ಬಿಗೆ ಹಾಕಿದರು. ಛತ್ರಿ ತೆಗೆದುಕೊಂಡು ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದರು. ಒಂದು ಬಸ್ಸು ಬಂದು ಹೋಯಿತು. ಮತ್ತೊಂದೂ ಹೋಯಿತು. ಕೂತೇ ಇದ್ದರು.


ಜೂನ್ ೨

ಖರಾಡಿ. ಧೂಳು, ಹಾರ್ನ್, ಮನೆಗೆಲಸದಾಕೆ ರಜೆ. ಪೂರ್ವಾ ಊಟದ ಡಬ್ಬಿ ಕಳಿಸುತ್ತಿದ್ದಾಳೆ. ಅವಳಿಗೂ ಕೆಲಸದ ವಿಷಯ ಹೇಳಿದೆ. "ರೆಸ್ಟ್ ಮಾಡಮ್ಮಾ" ಅಂದಳು. ಎಲ್ಲರೂ ಅದನ್ನೇ ಅನ್ನುತ್ತಾರೆ.

ಇಳಿಜಾರಿನಲ್ಲಿ ಏನು ಹೇಳಿದಿರಿ ಅಂತ ವಿಮಾನದಲ್ಲಿ ಬಲಗಿವಿಗೆ ಬಾಯಿಟ್ಟು ಮತ್ತೆ ಕೇಳಿದೆ. "ನೆನಪಿಲ್ಲ" ಅಂದರು. ನೆನಪಿದೆ. ಇಷ್ಟು ವರ್ಷ ಜೊತೆಗಿದ್ದವಳಿಗೆ ಗೊತ್ತಾಗುವುದಿಲ್ಲವೇ?


ಜೂನ್ ೧೦

ಯಾರಿಗೂ ಹೇಳದೆ ನಗರ ರೋಡಿನ ಕ್ಲಿನಿಕ್ಕಿಗೆ ಹೋಗಿ ಮಷೀನ್ ಹಾಕಿಸಿಕೊಂಡು ಬಂದಿದ್ದಾರೆ. ಎರಡೂ ಕಿವಿಗೆ. ಬೂದು ಬಣ್ಣ, ಹುಣಸೆಬೀಜದಷ್ಟು.

ಪೂರ್ವಾ ವಿಡಿಯೊ ಕಾಲ್‌ನಲ್ಲಿ ಕುಣಿದಳು. "ಕೇಳಸ್ತದೇನ್ರಿ ಅಪ್ಪಾ?"

"ಹ್ಞೂಂ. ಛಲೋ ಕೇಳಸ್ತದ."

ನಾನು ಅಡುಗೆಮನೆಯಿಂದ, ಮೆಲ್ಲಗೆ, "ಚಹಾ ಮಾಡಲೇನ್ರಿ?" ಅಂದೆ. ತಟ್ಟನೆ ತಿರುಗಿದರು. ಆದರೆ ನನ್ನನ್ನು ನೋಡಿದ ರೀತಿ… ಮನೆಗೆ ಯಾರೋ ಬಂದಿದ್ದಾರೆ ಅನ್ನುವ ಹಾಗೆ ನನ್ನ ಹಿಂದೆ ಕೂಡ ನೋಡಿದರು.

ಟಿವಿ ಈಗ ಮೆಲ್ಲಗೆ. ಮಾತು? ಇಲ್ಲ. ಕಿವಿ ಬಂದ ಮೇಲೂ ಇಲ್ಲ. ನನಗೆ ರೂಢಿ ತಪ್ಪಿದೆ. ಬಾಯಿಗೆ ಬಂದದ್ದು ಅಲ್ಲೇ ನಿಂತು ವಾಪಸ್ ಹೋಗುತ್ತದೆ. ಇಷ್ಟು ದಿನ ಕಿವಿಯ ಮೇಲೆ ತಪ್ಪು ಹಾಕಿ ಕೂತಿದ್ದೆ. ಈಗ ಯಾರ ಮೇಲೆ ಹಾಕಲಿ?


ಜೂನ್ ೧೬

ಶಾಲೆ ಶುರು. ಎಂದಿನ ಹಾಗೇ ಎಚ್ಚರವಾಯಿತು, ಸೀರೆ ಕೂಡ ತೆಗೆದಿಟ್ಟಿದ್ದೆ. ನೆನಪಾಗಿ ಮತ್ತೆ ಮಡಚಿದೆ. ಬಾಲ್ಕನಿಯಲ್ಲಿ ನಿಂತೆ. ಹಳದಿ ಬಸ್ಸುಗಳು ಗೇಟಿನ ಮುಂದೆ ಸಾಲಾಗಿ. ರೇನ್‌ಕೋಟ್ ಹಾಕಿದ ಮಕ್ಕಳು.

ಇವರು ಬಂದು ಪಕ್ಕ ನಿಂತರು. ಮಷೀನ್ ಹಾಕಿಕೊಂಡಿದ್ದರು. ರಸ್ತೆಯ ಕಡೆ ನೋಡುತ್ತಲೇ ಶುರು ಮಾಡಿದರು.

"ಆವತ್ತ ಇಳಿಜಾರಿನಾಗ… ಜನವರಿ ಮಷೀನಿನ ವಿಷಯನ ಹೇಳಕೋತ ಬಂದೆ. ಯಾಕ ತಗದಿಟ್ಟೆ ಅಂತ."

"ಸಪ್ಪಳ ಭಾಳ ಅಂತ ಅಂದಿದ್ರಿ."

"ಸಪ್ಪಳದ್ದಲ್ಲ. ನೀ ಮಾತಾಡಿದಿ. ಊಟಕ್ಕ ಬರ್ರಿ ಅಂದಿ, ಅಷ್ಟ. ಅದು ನಿನ್ನ ಧ್ವನಿ ಆಗಿರಲಿಲ್ಲ, ಅಂಬಾ. ತಗಡಿನ ಡಬ್ಬಿ ಒಳಗಿಂದ ಬ್ಯಾರೆ ಯಾರೋ ಹೆಣ್ಮಗಳು ಮಾತಾಡಿಧಂಗ. ನನಗ ಹೆದರಿಕಿ ಬಂತು. ನಿನ್ನ ಧ್ವನಿ ಹೆಂಗಿತ್ತು, ಅದು ತಲಿಯೊಳಗ ಇನ್ನೂ ಇತ್ತು. ಈ ಡಬ್ಬಿ ಧ್ವನಿ ದಿನಾ ಕೇಳಿದ್ರ ಅದು ಅಳಿಸಿ ಹೋಗ್ತದ ಅನಸ್ತು. ಅದಕ್ಕ ತಗದಿಟ್ಟೆ."

ನಾನು ಕಂಬಿ ಹಿಡಿದುಕೊಂಡೆ. ಪ್ಲಾಸ್ಟರ್ ಕೈ ಭಾರವಾಗಿತ್ತು.

"ಎದುರಿಗೆ ಹೇಳ್ಲಿಕ್ಕೆ ನಾಚಿಕಿ. ಸೈಕಲ್ ಮ್ಯಾಲೆ ಮುಖ ಕಾಣೂದಿಲ್ಲಲ್ಲ, ಹೇಳಿಬಿಟ್ಟೆ. ಎಲ್ಲಾ ಹೇಳಿ, ಈಗ ನೀ ಏನಂತಿ ಅಂತ ತಿರುಗಿ ನೋಡಿದ್ರ…"

ಬಸ್ಸುಗಳು ಒಂದೊಂದಾಗಿ ಹೋದವು.

"ಈಗ ಯಾಕ ಹಾಕ್ಕೊಂಡ್ರಿ ಮತ್ತ?"

"ನೀ ಬಿದ್ದಾಗ ಒದರಿದ್ದು ಕೇಳಸಲಿಲ್ಲ. ಇನ್ನೊಮ್ಮೆ ಹಂಗ ಆಗಬಾರದು," ಅಂದರು. ಒಳಗೆ ಹೋದರು.


ಜೂನ್ ೧೭

ಏನೂ ಮಾತಾಡಲಿಲ್ಲ ನಾನು. ಬಾಯಿ ತೆರೆದರೆ ಆ ಬೇರೆ ಹೆಂಗಸು ಮಾತಾಡುತ್ತಾಳೆ. ನನ್ನ ಧ್ವನಿ ಇವರ ತಲೆಯೊಳಗೆ ಒಂದಿಷ್ಟು ಉಳಿದಿದೆ. ಅದನ್ನು ನಾನೇ ಅಳಿಸಿಹಾಕುತ್ತೇನೆ ಅನ್ನುವ ಭಯ. ಮಷೀನ್ ಹಾಕಿಕೊಂಡು ಅವರು ಕಾಯುತ್ತಾರೆ. ನಾನು ಪಾತ್ರೆ ತೊಳೆಯುತ್ತೇನೆ. ಮೊದಲೇ ವಾಸಿಯಿತ್ತೇನೋ. ಮೊದಲು ಕೇಳುವುದಿಲ್ಲ ಅಂತಾದರೂ ಗೊತ್ತಿತ್ತು.


ಜೂನ್ ೨೧, ಮಧ್ಯಾಹ್ನ

ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗ, ತಟ್ಟೆ ನೋಡುತ್ತ, ಮೆಲ್ಲಗೆ ಕೇಳಿದೆ — "ಈಗ ಯಾರ ಧ್ವನಿ ಕೇಳಸ್ತದ್ರಿ?"

ತುತ್ತು ಕೆಳಗಿಟ್ಟರು. ಕಣ್ಣು ಮುಚ್ಚಿಕೊಂಡರು. ನಾನು ನಿಲ್ಲಿಸಿದ ಮೇಲೂ ಕೇಳುತ್ತಲೇ ಇದ್ದರು.

"ಇಷ್ಟರಾಗ ಗೊತ್ತಾಗೂದಿಲ್ಲ. ಇನ್ನಷ್ಟ ಮಾತಾಡು, ಹೇಳತೇನಿ."

"ಏನ ಮಾತಾಡ್ಲಿ?"

"ಏನರೆ."

ಸಾರಿಗೆ ಹುಳಿ ಸ್ವಲ್ಪ ಹೆಚ್ಚಾಗಿದೆ ಅಂದೆ. ಹ್ಞೂಂ ಅಂದರು, ಕಣ್ಣು ತೆರೆಯಲಿಲ್ಲ. ಟ್ರೀಸನ್‌ಬರ್ಗಿನ ಮುದುಕಿಯ ಬಗ್ಗೆ ಹೇಳಿದೆ, ಆಕೆಯ ಕೈಗೆ ಮಣ್ಣಿತ್ತು, ಏನೋ ಸಸಿ ನೆಡುತ್ತಿದ್ದಳು ಕಾಣುತ್ತದೆ ಅಂದೆ. "ಮುಂದ?" ಅಂದರು. ಅನ್ನ ಆರುತ್ತಿತ್ತು. ಇಬ್ಬರೂ ತಿನ್ನಲಿಲ್ಲ. ಧಾರವಾಡದ ಮನೆಯ ಓಣಿಯಲ್ಲಿ ಸೈಕಲ್ ಕಲಿತದ್ದು ಹೇಳತೊಡಗಿದೆ, ಅದನ್ನು ಯಾವತ್ತೂ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ನೋಡಿದರೆ ಅವರು ಕಣ್ಣು ತೆರೆದಿದ್ದರು; ಈ ಸಲ ನನ್ನ ಹಿಂದೆ ಯಾರನ್ನೂ ಹುಡುಕದೆ ನನ್ನನ್ನೇ ನೋಡುತ್ತಿದ್ದರು.